ಸೆಕ್ಯೂರ್‌ಯುಎಕ್ಸ್‌ಥೀಮ್: ಮೂಲ ಫೈಲನ್ನು ಮುಟ್ಟದೆ ವಿಂಡೋಸ್‌ನ ರೂಪ ಬದಲಿಸುವ ತಂತ್ರಾಂಶ

ವಿಂಡೋಸ್‌ನಲ್ಲಿ ಹಿನ್ನೆಲೆ ಚಿತ್ರವನ್ನು ಯಾರು ಬೇಕಾದರೂ ಬದಲಿಸಬಹುದು. ಆದರೆ ವಿಂಡೋಗಳ ಅಂಚು, ಬಟನ್, ಮೆನುಗಳ ರೂಪವನ್ನು ನಿರ್ಧರಿಸುವ ಎಂಎಸ್‌ಸ್ಟೈಲ್ಸ್ ಫೈಲಿಗೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇಲ್ಲದಿದ್ದರೆ ವಿಂಡೋಸ್ ಅದನ್ನು ಒಪ್ಪುವುದಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ಇದಕ್ಕೆ ಬಳಕೆಯಲ್ಲಿರುವ ಉಪಾಯವೆಂದರೆ, ವಿಂಡೋಸ್‌ನ ಸ್ವಂತ ಫೈಲುಗಳಿರುವ ಸಿಸ್ಟಮ್32 ಫೋಲ್ಡರಿನಲ್ಲಿರುವ ಯುಎಕ್ಸ್‌ಥೀಮ್.ಡಿಎಲ್‌ಎಲ್ ಎಂಬ ಫೈಲನ್ನು ತೆಗೆದು, ಸಹಿಯನ್ನು ಪರೀಕ್ಷಿಸದಂತೆ ತಿದ್ದಿದ ಪ್ರತಿಯನ್ನು ಅಲ್ಲಿ ಕೂರಿಸುವುದು.

ಬಳ್ಳಾರಿಯಲ್ಲಿ ಡಿಟಿಪಿ ಮತ್ತು ಫ್ಲೆಕ್ಸ್ ವಿನ್ಯಾಸ ಮಾಡುವ ನಮ್ಮಂಥವರಿಗೆ ಇದು ಬರೀ ಅಲಂಕಾರದ ವಿಷಯವಲ್ಲ. ದಿನವಿಡೀ ಪರದೆಯ ಮುಂದೆ ಕೂರುವವರ ಕಣ್ಣಿಗೆ ಕಪ್ಪು ಹಿನ್ನೆಲೆ ಹಿತವಾಗಿರುತ್ತದೆ. ವಿಂಡೋಸ್ 10ರ ಡಾರ್ಕ್ ಮೋಡ್ ಮಾತ್ರ ಕಂಟ್ರೋಲ್ ಪ್ಯಾನೆಲ್ಲನ್ನೂ ಅನೇಕ ಹಳೆಯ ಡೈಲಾಗ್ ಬಾಕ್ಸ್‌ಗಳನ್ನೂ ಬೆಳ್ಳಗೆ ಹಾಗೆಯೇ ಬಿಟ್ಟುಬಿಡುತ್ತದೆ. ಈ ಕೊರತೆಯನ್ನು ತುಂಬುವುದು ಹೊರಗಿನವರು ಸಿದ್ಧಪಡಿಸಿದ ಥೀಮ್‌ಗಳೇ, ಅಂದರೆ ತಮ್ಮದೇ ಎಂಎಸ್‌ಸ್ಟೈಲ್ಸ್ ಫೈಲಿರುವ ರೂಪವಿನ್ಯಾಸಗಳೇ.

ಫೈಲನ್ನೇ ಬದಲಿಸುವ ಹಳೆಯ ವಿಧಾನದಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ವಿವರವಾಗಿ ಹೇಳಬೇಕು. ಎಕ್ಸ್‌ಪಿಯ ನಂತರ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಈ ಫೈಲುಗಳ ಒಡೆತನ ಅಡ್ಮಿನಿಸ್ಟ್ರೇಟರ್‌ಗೂ ಇಲ್ಲ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಸೇವೆಗೆ ಇದೆ. ಆದ್ದರಿಂದ ಟೇಕ್‌ಓನ್, ಐಕ್ಯಾಕಲ್ಸ್ ಆದೇಶಗಳಿಂದ ಒಡೆತನವನ್ನೂ ಅನುಮತಿಯನ್ನೂ ಪಡೆದು ಫೈಲ್ ಬದಲಿಸುವವರು, ಕೆಲಸ ಮುಗಿದ ಮೇಲೆ ಅವುಗಳನ್ನು ಮೊದಲಿನಂತೆ ಮಾಡದೆ ಬಿಟ್ಟರೆ, ವೈರಸ್ಸಿಗೂ ಅದೇ ಬಾಗಿಲು ತೆರೆದಿರುತ್ತದೆ. ಬೇರೊಂದು ಆವೃತ್ತಿಗೆ ಸೇರಿದ ಪ್ರತಿಯನ್ನು ಕೂರಿಸಿದರೆ ಲಾಗಿನ್ ಪರದೆಯೇ ಬಾರದಿರಬಹುದು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗುವುದು ಹೊಸತಲ್ಲ. ಬದಲಾವಣೆಯ ನಡುವೆ ಯುಪಿಎಸ್ ಇಲ್ಲದ ಯಂತ್ರ ಆರಿಹೋದರೆ ಫೈಲು ಅರ್ಧಕ್ಕೇ ನಿಂತುಬಿಡಬಹುದು. ಎಲ್ಲವೂ ಸರಿಯಾಗಿ ನಡೆದರೂ, ಮುಂದಿನ ದೊಡ್ಡ ಅಪ್‌ಡೇಟ್ ಮೂಲ ಫೈಲನ್ನು ಮರಳಿ ತಂದು ಹಾಕುತ್ತದೆ.

ಸೆಕ್ಯೂರ್‌ಯುಎಕ್ಸ್‌ಥೀಮ್ ಈ ಕಷ್ಟಗಳಲ್ಲಿ ಬಹುಪಾಲನ್ನು ತಪ್ಪಿಸುತ್ತದೆ. ಇದು ಉಚಿತ, ಇದರ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿದೆ. ಡಿಸ್ಕಿನ ಮೇಲಿನ ಫೈಲನ್ನು ಮುಟ್ಟದೆ, ಅದು ಮೆಮೊರಿಗೆ ಬಂದ ಮೇಲೆ ಸಹಿ ಪರೀಕ್ಷೆಯನ್ನಷ್ಟೇ ತಡೆಯುವುದರಿಂದ ಯಂತ್ರ ಶುರುವಾಗುವಾಗ ಸಹಿ ಇರುವ ತಂತ್ರಾಂಶವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಎಂಬ ರಕ್ಷಣೆಯನ್ನು ಆಫ್ ಮಾಡಬೇಕಾಗುವುದಿಲ್ಲ. ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿದ ನಂತರ ವಿಂಡೋಸ್ ಫೋಲ್ಡರಿನ ರಿಸೋರ್ಸಸ್ ಒಳಗಿನ ಥೀಮ್ಸ್ ಫೋಲ್ಡರಿಗೆ ಹೊಸ ಥೀಮನ್ನು ನಕಲಿಸಿ, ಜೊತೆಗೇ ಬರುವ ಥೀಮ್‌ಟೂಲ್‌ನಿಂದ ಅನ್ವಯಿಸಿದರೆ ಸಾಕು. ಇಷ್ಟಾದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆದೇಶ ಕೊಟ್ಟು ಪರೀಕ್ಷಿಸಿದಾಗ ಯಾವ ಸಿಸ್ಟಮ್ ಫೈಲಿನಲ್ಲೂ ದೋಷ ಕಾಣಲಿಲ್ಲ. ನನ್ನ ಮಟ್ಟಿಗೆ ಈ ತಂತ್ರಾಂಶವನ್ನು ಮೆಚ್ಚಲು ಇದೊಂದೇ ಕಾರಣ ಸಾಕಾಗಿತ್ತು.

ಕೊರತೆಗಳೂ ಇವೆ. ಆರಿಸಿಕೊಂಡ ಥೀಮ್ ನಮ್ಮ ವಿಂಡೋಸ್ ಆವೃತ್ತಿಗೆ ಹೊಂದುತ್ತದೆಯೇ ಎಂಬುದನ್ನು ನಾವೇ ನೋಡಿಕೊಳ್ಳಬೇಕು; ಹೊಂದದಿದ್ದರೆ ಡೆಸ್ಕ್‌ಟಾಪ್, ಟಾಸ್ಕ್‌ಬಾರ್‌ಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ಪದೇ ಪದೇ ಮುಚ್ಚಿಕೊಂಡು ಪರದೆ ಕಪ್ಪಾಗಬಹುದು. ವಿನ್‌ವರ್ ಆದೇಶದಿಂದ ಆವೃತ್ತಿಯನ್ನು ತಿಳಿದುಕೊಂಡು, ತೊಂದರೆಯಾದರೆ ಹಿಂದಿನ ಸ್ಥಿತಿಗೆ ಮರಳಲು ರೀಸ್ಟೋರ್ ಪಾಯಿಂಟ್ ಮಾಡಿಟ್ಟ ಮೇಲೆಯೇ ಮುಂದುವರಿಯುವುದು ಒಳ್ಳೆಯದು. ಐಕಾನ್‌ಗಳ ವಿಷಯದಲ್ಲಿ ಈ ತಂತ್ರಾಂಶದಿಂದ ನೆರವಿಲ್ಲ. ಅವು ಇಮೇಜ್‌ರೆಸ್‌ನಂಥ ಬೇರೆ ಫೈಲುಗಳಿಗೆ ಸೇರಿದವು, ಅವನ್ನು ಬದಲಿಸಲು ಹೊರಟರೆ ಮತ್ತೆ ಹಳೆಯ ಅಪಾಯಕ್ಕೇ ಮರಳಿದಂತಾಗುತ್ತದೆ. ದುಡಿಮೆಯ ಯಂತ್ರದಲ್ಲಿ ಐಕಾನ್‌ಗಳನ್ನು ಇದ್ದಂತೆಯೇ ಬಿಡಬೇಕೆಂಬುದು ನನ್ನ ಅಭಿಪ್ರಾಯ.

ಸಹಿ ಪರೀಕ್ಷೆಯನ್ನು ತೆಗೆದ ಮೇಲೆ ಥೀಮ್ ಎಲ್ಲಿಂದ ಬಂದಿತೆಂಬುದು ಇನ್ನಷ್ಟು ಮುಖ್ಯವಾಗುತ್ತದೆ. ಥೀಮ್ ಫೈಲಿನ ಮೂಲಕವೇ ಕಂಪ್ಯೂಟರಿನಲ್ಲಿ ಹೊರಗಿನವರ ಕೋಡ್ ಓಡಿಸಲು ಸಾಧ್ಯವಿದ್ದ ಥೀಮ್‌ಬ್ಲೀಡ್ ಎಂಬ ದೋಷವನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಸರಿಪಡಿಸಿತು. ಹಾಗಾಗಿ ಅಪ್‌ಡೇಟ್ ನಿಲ್ಲಿಸಿದ ಯಂತ್ರಗಳಲ್ಲಿ ಸೆಕ್ಯೂರ್‌ಯುಎಕ್ಸ್‌ಥೀಮ್ ಹಾಕಬೇಡಿ. ಥೀಮಿನ ಜೊತೆ ಇಎಕ್ಸ್‌ಇ ಫೈಲ್ (ತೆರೆದೊಡನೆ ಓಡುವ ಪ್ರೋಗ್ರಾಮ್) ಬಂದರೆ ಅದನ್ನು ತೆರೆಯಲೂ ಬೇಡಿ. ತಂತ್ರಾಂಶವನ್ನು ತೆಗೆಯುವಾಗ ಮೊದಲು ವಿಂಡೋಸ್‌ನ ಮೂಲ ಥೀಮಿಗೆ ಮರಳಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಬೇಕು.