ನಾಲ್ಕು ಬಗೆಯ ಆಟದ ಹಿಟ್ಟು, ನಾಲ್ಕು ಬಗೆಯ ಗಲೀಜು

ಮಕ್ಕಳ ಕೈಗೆ ಆಟದ ಹಿಟ್ಟು ಕೊಡಲು ನಾನು ಬಹಳ ದಿನ ಹಿಂದೇಟು ಹಾಕಿದೆ. ಕಾರಣ ಗಲೀಜು, ಬೇರೇನೂ ಅಲ್ಲ. ಕುರ್ಚಿಯ ಸಂದಿ, ಅಂಗಿಯ ತೋಳು, ತಲೆಗೂದಲು, ಎಲ್ಲೆಲ್ಲೂ ಮೆತ್ತಿಕೊಂಡೀತು ಎಂಬ ಅಂಜಿಕೆ. ಮಗಳಿಗೆ ನಾಲ್ಕು ತುಂಬಿ, ಮಗನಿಗೆ ಎರಡೂವರೆ ಆದಾಗ ಇನ್ನೂ ತಡಮಾಡುವುದು ಅನ್ಯಾಯ ಎನಿಸಿತು. ಅಲ್ಲಿಂದ ಆರು ತಿಂಗಳಲ್ಲಿ ನಾಲ್ಕು ಬಗೆಯನ್ನು ಆಡಿಸಿ ನೋಡಿದ್ದೇನೆ: ಅಂಗಡಿಯ ಡಬ್ಬಿ ಹಿಟ್ಟು, ಮನೆಯಲ್ಲೇ ಬೇಯಿಸಿದ ಹಿಟ್ಟು, ಎಣ್ಣೆಯ ಕ್ಲೇ, ಜೇಡಿಮಣ್ಣು. ಗಲೀಜು ಮಾಡದ್ದು ಇವುಗಳಲ್ಲಿ ಒಂದೂ ಇಲ್ಲ. ಆದರೆ ಪ್ರತಿಯೊಂದನ್ನೂ ತೆಗೆಯುವುದಕ್ಕೆ ಅದರದೇ ಹೊತ್ತು ಇದೆ. ಕೆಲವನ್ನು ಒಣಗಲು ಬಿಡಬೇಕು, ಕೆಲವನ್ನು ಬಿಡಬಾರದು, ಒಂದಂತೂ ಒಣಗುವುದೇ ಇಲ್ಲ. ಇಷ್ಟು ಮೊದಲೇ ತಿಳಿದಿದ್ದರೆ ಮಕ್ಕಳನ್ನು ಅಷ್ಟು ದಿನ ಕಾಯಿಸುತ್ತಿರಲಿಲ್ಲ.

ಮೊದಲು ತಂದದ್ದು ಡಬ್ಬಿ ಹಿಟ್ಟು. ಮುಚ್ಚಳ ತೆಗೆದ ಕ್ಷಣವೇ ಬೆಣ್ಣೆಯಷ್ಟು ಮೆದು, ಚಿಕ್ಕವನ ಬೆರಳಿಗೂ ಮಣಿಯುತ್ತದೆ. ಅವನು ಏನನ್ನೂ ಮಾಡಲು ಹೋಗಲಿಲ್ಲ. ಹೆಬ್ಬೆರಳನ್ನು ಉಂಡೆಯೊಳಗೆ ನಿಧಾನವಾಗಿ ಒತ್ತಿ, ಹೊರಗೆ ತೆಗೆದು, ಉಳಿದ ಗುಳಿಯನ್ನು ಬಗ್ಗಿ ನೋಡಿದ. ಒಳಗೆ ಉಗುರಿನ ಗೆರೆ ಮೂಡಿತ್ತು. ಮತ್ತೆ ಒತ್ತಿದ. ಹೀಗೆ ಒಂದೇ ಕೆಲಸವನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು, ತುಟಿ ಪಿಟಕ್ಕೆನ್ನದೆ, ಮಾಡಿದ. ಯಾವ ಆಟಿಕೆಯೂ ಅವನನ್ನು ಅಷ್ಟು ಹೊತ್ತು ಒಂದೆಡೆ ಕೂರಿಸಿರಲಿಲ್ಲ.

ಆಟ ಮುಗಿದ ಮೇಲೆ ನಾನು ತಪ್ಪು ಮಾಡಿದೆ. ಚಾಪೆಯ ಮೇಲೆ ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಹಿಟ್ಟಿಗೆ ನೀರು ತಾಗಿದರೆ ಏನಾಗುತ್ತದೆ? ಗೋಂದಾಗುತ್ತದೆ. ಚೂರುಗಳೆಲ್ಲ ಅಂಟಾಗಿ ಚಾಪೆಯ ಎಳೆಗಳ ನಡುವೆ ಇಳಿದವು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಯಿತು. ಮರುದಿನ ಏನೂ ಮಾಡದೆ ಹಾಗೆಯೇ ಬಿಟ್ಟೆ. ಬೆಳಗ್ಗೆ ಚೂರುಗಳು ಒಣಗಿ ಕಾಳಿನಂತಾಗಿದ್ದವು, ಎರಡು ಸಲ ಪೊರಕೆ ಆಡಿಸಿದ್ದಕ್ಕೆ ಎದ್ದು ಬಂದವು. ನೆಲಹಾಸಿಗೂ ಇದೇ ಮಾತು: ಒಣಗಿಸಿ, ಗಡುಸು ಬ್ರಷ್‌ನಿಂದ ಉಜ್ಜಿ, ಗುಡಿಸಬೇಕು.

ಕಾಯಲು ಸಮಯವಿಲ್ಲದಿದ್ದರೆ ಇನ್ನೊಂದು ಉಪಾಯವಿದೆ. ದೊಡ್ಡ ಉಂಡೆಯನ್ನು ಚೂರುಗಳ ಮೇಲೆ ಒತ್ತೊತ್ತಿ ತೆಗೆದರೆ ಹಿಟ್ಟನ್ನು ಹಿಟ್ಟೇ ಎತ್ತಿಕೊಳ್ಳುತ್ತದೆ. ಇದು ಅದರ ಹುಟ್ಟುಗುಣ. ಇಂದು ಪ್ಲೇ ಡೋ ಎಂದು ಕರೆಯುವ ಹಿಟ್ಟು ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆಯ ಕಾಗದಕ್ಕೆ ಹಿಡಿದ ಕಲ್ಲಿದ್ದಲ ಮಸಿಯನ್ನು ಎತ್ತಲು ಮಾಡಿದ್ದ ವಸ್ತು. ಮನೆ ಬೆಚ್ಚಗಿಡಲು ಕಲ್ಲಿದ್ದಲಿನ ಬದಲು ಅನಿಲ ಬಂದು, ನೀರಿನಲ್ಲಿ ತೊಳೆಯಬಹುದಾದ ವಿನೈಲ್ ಕಾಗದ ಬಂದ ಮೇಲೆ ಅದನ್ನು ಕೇಳುವವರಿಲ್ಲವಾದರು. ಆಗ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದವರು ಶಿಶುವಿಹಾರದ ಶಿಕ್ಷಕಿ ಕೇ ಜುಫಾಲ್. 1956ರಲ್ಲಿ ಅದು ಆಟಿಕೆಯಾಗಿ ಮಾರಾಟಕ್ಕೆ ಬಂತು. ಗಲೀಜಿಗೆ ಹೆದರಿ ನಾನು ದೂರವಿಟ್ಟದ್ದು ಗಲೀಜು ತೆಗೆಯಲೆಂದೇ ಹುಟ್ಟಿದ ಹಿಟ್ಟನ್ನು ಎಂದು ತಿಳಿದಾಗ ನಿಜಕ್ಕೂ ಸಂತೋಷವಾಯಿತು.

ಡಬ್ಬಿ ಹಿಟ್ಟಿನ ಕೊರತೆ ಎಂದರೆ ಅದರ ಅಳತೆ. ಇಬ್ಬರು ಮಕ್ಕಳಿಗೆ ಒಂದು ಡಬ್ಬಿ ಎಲ್ಲಿಗೂ ಸಾಲದು. ಒಂದು ರಾತ್ರಿ ಮುಚ್ಚಳ ಸರಿಯಾಗಿ ಕೂರದಿದ್ದರೆ ಅಂಚು ಬಿರಿದು ಪುಡಿಯಾಗುತ್ತದೆ. ಪೂರ್ತಿ ಒಣಗಿರದಿದ್ದರೆ ನಾಲ್ಕಾರು ಹನಿ ನೀರು ಹಾಕಿ ನಾದಿದಾಗ ಮತ್ತೆ ಹದಕ್ಕೆ ಬರುತ್ತದೆ. ಇಂಥ ಹಿಟ್ಟಿನಲ್ಲಿ ಹೆಚ್ಚಾಗಿ ಗೋಧಿ ಇರುವುದರಿಂದ, ಗೋಧಿಯ ಅಲರ್ಜಿ ಇರುವ ಮಗುವಿಗೆ ಡಬ್ಬಿಯ ಮೇಲಿನ ಪಟ್ಟಿ ಓದದೆ ಕೊಡಬಾರದು.

ಹಿಟ್ಟು ಸಾಲದೆ ಬಂದಾಗ ಮನೆಯಲ್ಲೇ ಮಾಡಲು ಹೊರಟೆ. ಮೊದಲು ಬೇಯಿಸದೆ ಕಲಸಿದ್ದು ಆ ದಿನ ಚೆನ್ನಾಗಿತ್ತು, ಮರುದಿನ ಬೆವರಿದಂತಾಗಿ ಕೈಗೆಲ್ಲ ಅಂಟಿತು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎರಡನೆಯ ಸಲ ಒಲೆಯ ಮೇಲೆ ಮಾಡಿದೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಲೋಟ ನೀರು, ಎರಡು ದೊಡ್ಡ ಚಮಚ ಎಣ್ಣೆ, ಅಷ್ಟೇ ನಿಂಬೆರಸ. ಎಲ್ಲವನ್ನೂ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ಮಗುಚಬೇಕು. ಮೊದಲು ಗಂಜಿಯಂತೆ ತೆಳ್ಳಗಿರುತ್ತದೆ. ಆಮೇಲೆ ಅಲ್ಲಲ್ಲಿ ಗಂಟುಕಟ್ಟಿದಂತೆ ಕಾಣುತ್ತದೆ, ಕೆಟ್ಟುಹೋಯಿತು ಎಂದು ಗಾಬರಿಯಾಗುವ ಘಟ್ಟ ಇದೇ. ಮಗುಚುತ್ತ ಹೋದರೆ ಒಮ್ಮೆಲೇ ಎಲ್ಲ ಒಟ್ಟಾಗಿ, ಪಾತ್ರೆಯ ಬದಿ ಬಿಟ್ಟು, ಒಂದೇ ಮುದ್ದೆಯಾಗಿ ಸೌಟಿನ ಸುತ್ತ ತಿರುಗುತ್ತದೆ. ಬಿಸಿಯಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿಕೊಳ್ಳುವುದರಿಂದ ಆ ನೀರು ಮತ್ತೆ ಹೊರಬಂದು ಕೈಗೆ ಅಂಟುವುದಿಲ್ಲ. ಆರಿದ ಮೇಲೆ ಚೆನ್ನಾಗಿ ನಾದಿ, ಗಾಳಿಯಾಡದ ಡಬ್ಬಿಯಲ್ಲಿಟ್ಟೆ. ಆರನೆಯ ವಾರದಲ್ಲೂ ಮೆದುವಾಗಿಯೇ ಇತ್ತು.

ಬೇಯಿಸಿದ ಹಿಟ್ಟು ಉದುರುವುದೂ ಕಡಿಮೆ. ಡಬ್ಬಿ ಹಿಟ್ಟು ಚೂರುಚೂರಾಗಿ ಬಿದ್ದರೆ ಇದು ತುಂಡಾಗಿ ಬೀಳುತ್ತದೆ, ಕೈಯಲ್ಲೇ ಆರಿಸಬಹುದು. ಅದಕ್ಕಿಂತ ದೊಡ್ಡ ಮಾತು, ಇದು ಬೇಕಾದಷ್ಟು ಸಿಗುತ್ತದೆ. ಮಗುವಿಗೆ ನಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟರೆ ಬೆರಳ ತುದಿ ಮಾತ್ರ ಕೆಲಸ ಮಾಡುತ್ತದೆ. ತೆಂಗಿನಕಾಯಿಯಷ್ಟು ಕೊಟ್ಟಾಗ ಮಗಳು ಎದ್ದು ನಿಂತು, ಎರಡೂ ಅಂಗೈ ಊರಿ, ಭುಜದ ಬಲ ಹಾಕಿ ಮಿದ್ದಳು. ಲಟ್ಟಣಿಗೆ ಕೇಳಿದಳು. ಹಾವು ಹೊಸೆದಳು, ಅದು ಮೇಜಿನ ಅಂಚು ದಾಟಿ ಕೆಳಗೆ ಜೋತುಬಿದ್ದಾಗ ತಮ್ಮ ಓಡಿಹೋಗಿ ಬಾಲ ಹಿಡಿದುಕೊಂಡ. ಚಿಕ್ಕ ಡಬ್ಬಿ ಮುಂದಿದ್ದಾಗ ಜಗಳವಾಡುತ್ತಿದ್ದವರು ಅಂದು ಜಗಳವಾಡಲಿಲ್ಲ.

ಬಣ್ಣದ ವಿಷಯದಲ್ಲಿ ನಾನು ಮೊದಲು ಬಲು ಕಟ್ಟುನಿಟ್ಟು, ಒಂದರಲ್ಲಿ ಇನ್ನೊಂದು ಸೇರಕೂಡದು ಎನ್ನುತ್ತಿದ್ದೆ. ಈಗ ಬೆರೆತರೂ ಚೆನ್ನಾಗಿ ಕಾಣುವ ಜೋಡಿಯನ್ನೇ ಕೊಡುತ್ತೇನೆ: ಹಳದಿಯ ಜೊತೆ ನೀಲಿ, ಇಲ್ಲವೇ ಹಳದಿಯ ಜೊತೆ ಕೆಂಪು. ಹಸಿರು ತನ್ನ ಕೈಯಲ್ಲೇ ಹುಟ್ಟಿದ್ದನ್ನು ಮಗಳು ನೋಡಿದ ಮೇಲೆ ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಇದರಲ್ಲಿ ಎಚ್ಚರ ಬೇಕಾದದ್ದು ಉಪ್ಪಿನ ಬಗ್ಗೆ. ಬೂಸು ಬಾರದಂತೆ ತಡೆಯುವುದು ಅದೇ, ಬಾಯಿಗಿಟ್ಟ ಮಗು ಉಗುಳುವಂತೆ ಮಾಡುವುದೂ ಅದೇ. ಮಗನೂ ಒಮ್ಮೆ ನೆಕ್ಕಿ ಮುಖ ಕಿವುಚಿ ಬಿಟ್ಟುಬಿಟ್ಟ. ಆದರೆ ಅಷ್ಟು ಉಪ್ಪಿನ ಉಂಡೆಯನ್ನು ನುಂಗಿದರೆ ಪುಟ್ಟ ದೇಹಕ್ಕೆ ಅಪಾಯ, ಮನೆಯ ನಾಯಿಗೂ ಅಪಾಯ. ಆದ್ದರಿಂದ ಆಟದ ಹೊತ್ತಿನಲ್ಲಿ ಪಕ್ಕದಲ್ಲೇ ಕೂರುತ್ತೇನೆ. ಬೆರಳಲ್ಲಿ ಗಾಯವಿದ್ದರೆ ಉರಿಯುತ್ತದೆ, ಆ ದಿನ ಹಿಟ್ಟು ಹೊರಗೆ ಬರುವುದಿಲ್ಲ.

ಎಣ್ಣೆಯ ಕ್ಲೇ ಮೂರನೆಯದು. 1897ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಕಲಾ ಶಿಕ್ಷಕ ವಿಲಿಯಂ ಹಾರ್ಬಟ್ ತನ್ನ ಶಿಲ್ಪ ವಿದ್ಯಾರ್ಥಿಗಳಿಗಾಗಿ ಒಣಗದ ಮಣ್ಣು ಬೇಕೆಂದು ಇದನ್ನು ಸಿದ್ಧಪಡಿಸಿದ. ಪ್ಲಾಸ್ಟಿಸಿನ್ ಎಂಬ ಹೆಸರು ಅದರದೇ. ಇದರಲ್ಲಿ ನೀರಿಲ್ಲ, ಜಿಡ್ಡಿದೆ, ಹಾಗಾಗಿ ಎಷ್ಟು ದಿನ ಹೊರಗಿಟ್ಟರೂ ಒಣಗದು. ಕೈಯಲ್ಲಿ ಗುಣವಾಗಿರುವುದು ನೆಲದ ಮೇಲೆ ದೋಷ. ಕಾಯ್ದು ಪ್ರಯೋಜನವಿಲ್ಲ, ನೀರಿಗೆ ಜಗ್ಗುವುದಿಲ್ಲ, ತುಳಿದರೆ ಮನೆಯೆಲ್ಲ ಹರಡುತ್ತದೆ. ಪರದೆಗೆ ಮೆತ್ತಿದ್ದನ್ನು ತೆಗೆಯಲು ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಕಟ್ಟಿ ಅದರ ಮೇಲಿಟ್ಟು ಗಟ್ಟಿ ಮಾಡಿದೆ, ಚಮಚದ ಹಿಂಬದಿಯಿಂದ ಕೆರೆದೆ, ಉಳಿದ ಜಿಡ್ಡಿಗೆ ಪಾತ್ರೆ ತೊಳೆಯುವ ಸಾಬೂನು ಹಚ್ಚಿದೆ. ಬಿಸಿ ನೀರು ಸೋಕಿಸಿದ್ದರೆ ಕರಗಿ ಬಟ್ಟೆಯೊಳಗೆ ಇಳಿಯುತ್ತಿತ್ತು. ಚಿಕ್ಕವನಿಗೆ ಇದು ಕಲ್ಲಿನಂತೆ, ಎಷ್ಟು ಒತ್ತಿದರೂ ಮಣಿಯಲಿಲ್ಲ, ಎಸೆದುಬಿಟ್ಟ. ಮಗಳಿಗೆ ಮಾತ್ರ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಟ್ಟರೆ ಮೂಗು, ಕಿವಿ, ಗುಂಡಿಯಂಥ ಸಣ್ಣ ಸಂಗತಿಗಳು ಇದರಲ್ಲೇ ಚೆನ್ನಾಗಿ ಕೂರುತ್ತವೆ.

ಜೇಡಿಮಣ್ಣನ್ನು ಕಂಡರೆ ಎಲ್ಲರಿಗಿಂತ ಹೆಚ್ಚು ಹೆದರಿದ್ದವನು ನಾನೇ, ಆದರೆ ಅದೇ ಸುಲಭವಾಗಿ ಹೋಯಿತು. ಜಿಡ್ಡಿಲ್ಲ, ಅಂಟಿಲ್ಲ. ತೇವವಿರುವಾಗ ಒದ್ದೆ ಬಟ್ಟೆ ಸಾಕು. ಡಬ್ಬಿ ಹಿಟ್ಟಿಗೆ ಹೇಳಿದ್ದಕ್ಕೆ ಇಲ್ಲಿ ಪೂರ್ತಿ ವಿರುದ್ಧ: ಒಣಗಲು ಬಿಟ್ಟು ಗುಡಿಸಿದರೆ ಎದ್ದ ನುಣುಪು ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೈಗಳನ್ನು ಬಕೆಟ್ಟಿನಲ್ಲಿ ತೊಳೆಸುತ್ತೇನೆ, ಮಣ್ಣು ತಳಕ್ಕಿಳಿದ ಮೇಲೆ ಮೇಲಿನ ನೀರು ಚೆಲ್ಲುತ್ತೇನೆ. ನೇರವಾಗಿ ಬಚ್ಚಲಿಗೆ ಬಿಟ್ಟರೆ ಕೊಳವೆ ಕಟ್ಟಿಕೊಳ್ಳುತ್ತದೆ. ತಣ್ಣನೆಯ ಮಣ್ಣು, ನೀರು ಸೇರಿಸಿದಂತೆಲ್ಲ ಜಾರುವ ಅದರ ಗುಣ, ಬೇರೆ ಮೂರರಲ್ಲಿ ಇಲ್ಲ. ಇದಕ್ಕೆ ಹೊರಗಿನ ಜಾಗ ಮತ್ತು ಹಳೆಯ ಬಟ್ಟೆ ಬೇಕು, ವಾರದ ನಡುವೆ ಆಗುವ ಕೆಲಸವಲ್ಲ.

ಈಗ ನಮ್ಮಲ್ಲಿ ದಿನಬಳಕೆಗೆ ಬೇಯಿಸಿದ ಹಿಟ್ಟು, ರಜೆಯ ದಿನ ಜೇಡಿಮಣ್ಣು. ಪ್ರಯಾಣಕ್ಕೆ ಒಂದು ಡಬ್ಬಿ ಹಿಟ್ಟು ಚೀಲದಲ್ಲಿರುತ್ತದೆ. ಎಣ್ಣೆಯ ಕ್ಲೇ ಕಪಾಟಿನ ಮೇಲಿನ ಹಲಗೆಯಲ್ಲಿದೆ, ತಮ್ಮ ಮಲಗಿದಾಗ ಮಗಳು ಅದನ್ನು ಇಳಿಸಿಕೊಡೆಂದು ಕೇಳುತ್ತಾಳೆ. ಅವನ ಬೆರಳಿಗೂ ಬಲ ಬಂದ ಮೇಲೆ ಕೆಳಗಿನ ಹಲಗೆಗೆ ತರುತ್ತೇನೆ.