ಹಳೆ ಹೋಬಿ 16: ವರ್ಷ ನೋಡಬೇಡಿ, ತಟ್ಟಿ ನೋಡಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಹುಡುಕುವವರ ಕಣ್ಣಿಗೆ ಹೋಬಿ 16 ಬೀಳದೇ ಇರುವುದಿಲ್ಲ. ಎರಡು ಒಡಲಿನ ಪುಟ್ಟ ಕ್ಯಾಟಮರಾನ್. ಉದ್ದ 16 ಅಡಿ 7 ಇಂಚು, ತೂಕ ಸುಮಾರು 145 ಕಿಲೋ. ಲಕ್ಷಕ್ಕಿಂತ ಜಾಸ್ತಿ ದೋಣಿಗಳು ತಯಾರಾಗಿವೆ. ಹಾಗಾಗಿ ಯಾರದೋ ಹಿತ್ತಲಲ್ಲಿ ಒಂದು ಬಿದ್ದಿರುತ್ತದೆ, ಸುತ್ತ ಹುಲ್ಲು ಬೆಳೆದಿರುತ್ತದೆ. ನಾನು ಕೊಂಡದ್ದೂ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಹತ್ತಿರದ ಅಂಥದ್ದೇ ಹಿತ್ತಲಿಂದ.

ಮಾರುವವ "1985ರ ಮಾಡೆಲ್, ಟ್ರೇಲರ್ ಸೇರಿ 1,800 ಡಾಲರ್" ಅಂದ. ನಾನು ಸೀದಾ ದೋಣಿಯ ಹಿಂಬದಿಗೆ ಹೋದೆ. 1972ರ ನವೆಂಬರ್‌ನಿಂದ ಈಚೆಗೆ ಇಲ್ಲಿ ತಯಾರಾದ ದೋಣಿಗಳಿಗೆ 12 ಅಕ್ಷರದ ಗುರುತಿನ ಸಂಖ್ಯೆ ಇರಲೇಬೇಕು. ಬಲಗಡೆ ಒಡಲಿನ ಹಿಂಭಾಗದಲ್ಲಿ ಇರುತ್ತದೆ. ಧೂಳು ಒರೆಸಿದರೆ ಕೊನೆಯಲ್ಲಿ 'ಎಂ78ಡಿ' ಅಂತಿತ್ತು. ಹಳೆ ಪದ್ಧತಿಯಲ್ಲಿ ಎಂ ಆದಮೇಲಿನ ಅಂಕಿ ಮಾಡೆಲ್ ವರ್ಷ, ಕೊನೆಯ ಅಕ್ಷರ ತಿಂಗಳು. ಮಾಡೆಲ್ ವರ್ಷ ಶುರುವಾಗುವುದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ. ಹಾಗಾಗಿ ಎ ಅಂದ್ರೆ ಆಗಸ್ಟ್, ಅಲ್ಲಿಂದ ಎಣಿಸಿದರೆ ಡಿ ನವೆಂಬರ್. ಅಂದರೆ ಇದು 1977ರ ನವೆಂಬರ್‌ನಲ್ಲಿ ಹುಟ್ಟಿದ್ದು!

ಆತ ಸುಳ್ಳು ಹೇಳಿರಲಿಲ್ಲ. ಹಾಯಿಕಂಬದ ತುದಿ ಅಲ್ಯೂಮಿನಿಯಂ ಆಗಿರದೆ ಫೈಬರಿನದಾಗಿತ್ತು. ಕಂಬ ಕರೆಂಟ್ ತಂತಿಗೆ ತಾಗಿ ಜನ ಸತ್ತದ್ದರಿಂದ 80ರ ದಶಕದಲ್ಲಿ ಬಂದ ಬದಲಾವಣೆ ಅದು. ಯಾರೋ ಹಿಂದಿನ ಮಾಲೀಕರು ಕಂಬ ಬದಲಿಸಿದ್ದಾರೆ, ಈತ ಕಂಬ ನೋಡಿ ವರ್ಷ ಹೇಳಿದ್ದಾನೆ, ಅಷ್ಟೇ. ಇನ್ನೊಂದು ವಿಷಯ: ಸಂಖ್ಯೆ ಹೇಳುವುದು ಬಲಗಡೆ ಒಡಲಿನ ವಯಸ್ಸು ಮಾತ್ರ. ಎಡಗಡೆಯದು ಬೇರೆ ದೋಣಿಯದೇ ಇರಬಹುದು. ಎರಡರ ಬಣ್ಣ ಒಂದೇ ಥರ ಮಾಸಿದೆಯಾ ನೋಡಿ. ಇದರಲ್ಲಿ ಮಾಸಿತ್ತು.

ಆತ ಹೇಳಿದ್ದಕ್ಕಿಂತ ಏಳೆಂಟು ವರ್ಷ ಹಳೆಯದು ಅಂತ ಗೊತ್ತಾದರೂ ನನಗೇನೂ ಬೇಜಾರಾಗಲಿಲ್ಲ. ನೆರಳಲ್ಲಿಟ್ಟ 77ರ ದೋಣಿ ಬಿಸಿಲಲ್ಲಿ ಒಣಗಿದ 95ರದ್ದಕ್ಕಿಂತ ಎಷ್ಟೋ ಮೇಲು. ಬೆಲೆ ಇರುವುದು ಒಡಲಿಗೆ. ಅದು ಎರಡು ಫೈಬರ್ ಪದರ, ನಡುವೆ ಫೋಮ್. ಪದರ ಫೋಮ್‌ನಿಂದ ಬಿಟ್ಟುಕೊಂಡರೆ ದೋಣಿಯ ಕಥೆ ಮುಗಿದ ಹಾಗೆ. ಮಲ್ಪೆಯಲ್ಲಿ ಫೈಬರ್ ದೋಣಿ ಕೊಳ್ಳುವವರು ಬೆರಳಗೆಣ್ಣಿನಿಂದ ತಟ್ಟುವುದನ್ನು ನೋಡುತ್ತಾ ಬೆಳೆದವಳು ನಾನು. ಇಲ್ಲೂ ಅದೇ ಮಾಡಿದೆ. ಎರಡು ಒಡಲನ್ನು ಜೋಡಿಸುವ ಕಂಬಿ ಚೌಕಟ್ಟಿನ ಮುಂದಿನ ಕಾಲು ಒಡಲಿಗೆ ಇಳಿಯುವ ಜಾಗ ಇದೆಯಲ್ಲ, ಅದರ ಮುಂದಿನ ಮೇಲ್ಮೈ ಸಾಮಾನ್ಯವಾಗಿ ಮೊದಲು ಮೆತ್ತಗಾಗುತ್ತದೆ. ಎಡಗಡೆ ಟಣ್ ಟಣ್ ಅಂತು. ಬಲಗಡೆ ಅಂಗೈಯಗಲ ಜಾಗದಲ್ಲಿ ದನಿ ಮಂದ. ಹೆಬ್ಬೆರಳು ಒತ್ತಿದರೆ ಹಪ್ಪಳ ಮುರಿದಂತೆ ಚುರ್ ಅಂತು. ಇಷ್ಟು ಸಣ್ಣದಾದರೆ ತೂತು ಕೊರೆದು ಎಪಾಕ್ಸಿ ಅಂಟು ತುಂಬಿದರೆ ಸರಿಹೋಗುತ್ತದೆ. ಮೊಣಕೈ ಉದ್ದ ಇದ್ದಿದ್ದರೆ ಬಿಟ್ಟಿಯಾಗಿ ಕೊಟ್ಟರೂ ಬೇಡ ಅಂತಿದ್ದೆ. ಒಳ್ಳೆಯ ಲಕ್ಷಣ ಅಂದ್ರೆ ಒಳಗಿನ ನೀರು ಹೊರಬಿಡುವ ಹಿಂಬದಿಯ ಡ್ರೈನ್ ಪ್ಲಗ್ ಎರಡನ್ನೂ ಬಿಚ್ಚಿಟ್ಟಿದ್ದ. ಮುಚ್ಚಿಟ್ಟು ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಪದರ ಸಡಿಲವಾಗುತ್ತದೆ.

ಆಮೇಲೆ ಅಡಿಭಾಗ. ಹೋಬಿ 16ಕ್ಕೆ ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ ಇಲ್ಲ, ಒಡಲಿನ ಬಾಗಿದ ಆಕಾರವೇ ಆ ಕೆಲಸ ಮಾಡುತ್ತದೆ. ಅದಕ್ಕೇ ಜನ ಸುಮ್ನೆ ಮರಳ ಮೇಲೆ ಎಳೆದಾಡುತ್ತಾರೆ, ಅಡಿ ಸವೆಯುತ್ತದೆ. ಇದರದ್ದು ಸವೆದಿದ್ದರೂ ಫೈಬರಿನ ಎಳೆ ಕಾಣಿಸುತ್ತಿರಲಿಲ್ಲ.

ಹಾಯಿ ಬಟ್ಟೆ ಹಳೇ ಪಂಚೆಯಷ್ಟು ಮೆತ್ತಗಿತ್ತು. ಕಂಬ ಹಿಡಿಯುವ ತಂತಿಯ ಮೇಲೆ ಬಟ್ಟೆ ಸವರಿದರೆ ಎಳೆ ಸಿಕ್ಕಿಕೊಂಡಿತು, ಅಂದರೆ ಒಳಗೆ ತಂತಿ ಮುರಿದಿದೆ. ಮುರಿಯದಿದ್ದರೂ ಹಳೆ ತಂತಿ ಬದಲಿಸಿಬಿಡಬೇಕು, ಕಂಬ ತಲೆ ಮೇಲೆ ಬೀಳುವ ಬಾಬತ್ತು ಅದು. ಟ್ರೇಲರ್ ಟೈರಿನ ಪಕ್ಕದಲ್ಲಿ 2309 ಅಂತಿತ್ತು. 2009ನೇ ಇಸವಿಯ 23ನೇ ವಾರದ ಟೈರು! ಹೈವೇಗೆ ಒಯ್ಯುವುದುಂಟೇ?

ಎಪಾಕ್ಸಿ, ತಂತಿ, ಹಾಯಿ, ಟೈರು ಎಲ್ಲ ತೋರಿಸಿ ಲೆಕ್ಕ ಹೇಳಿದೆ. 1,100ಕ್ಕೆ ಒಪ್ಪಿದ. ಹೋಬಿಯ ದೊಡ್ಡ ಗುಣವೂ ಇದೇ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಗಾಳಿ ಸಿಕ್ಕರೆ ಒಂದು ಒಡಲು ನೀರಿಂದ ಮೇಲೆದ್ದು ಓಡುತ್ತದೆ, ಆ ಮಜಾ ಈ ದುಡ್ಡಿಗೆ ಬೇರೆ ದೋಣಿಯಲ್ಲಿ ಸಿಗುವುದಿಲ್ಲ. ಆದರೆ ಗಾಳಿ ಜೋರಾದರೆ ಮೂತಿ ನೀರಿಗೆ ತೂರಿಸಿ ಮಗುಚುತ್ತದೆ. ಮತ್ತೆ ಎತ್ತಲು ಸುಮಾರು 136 ಕಿಲೋ ಭಾರ ಬೇಕು. ನಾನೂ ನಮ್ಮವರೂ ಸೇರಿದರೆ ಆಯಿತು. ಒಬ್ಬರೇ ಹೋಗುವವರಿಗೆ, ಅದರಲ್ಲೂ ಸಣಕಲರಿಗೆ, ನಾನು ಇದನ್ನು ಕೊಳ್ಳಿ ಅಂತ ಹೇಳುವುದಿಲ್ಲ.

ದುಡ್ಡು ಕೊಡುವ ಮೊದಲು ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಕೇಳಿ. ಟೆಕ್ಸಾಸಿನಲ್ಲಿ 14 ಅಡಿ ಅಥವಾ ಅದಕ್ಕಿಂತ ಉದ್ದದ ಹಾಯಿದೋಣಿಗೆ ಅದು ಬೇಕೇ ಬೇಕು. ಅದರಲ್ಲಿರುವ ಸಂಖ್ಯೆ ದೋಣಿಯ ಮೇಲಿನದಕ್ಕೆ ಹೊಂದದಿದ್ದರೆ ಚೌಕಾಸಿ ಮಾಡದೆ ಮನೆಗೆ ಬನ್ನಿ. ಟ್ರೇಲರ್ ಕಾಗದ ಬೇರೆ, ಅದನ್ನೂ ಅಲ್ಲೇ ಕೇಳಿ ಪಡೆಯಿರಿ.