ಗೋಕುಲ ರೋಡಿನ ಆಟೋಮ್ಯಾಟಿಕ್ ಗ್ಯಾರೇಜ್: ರಿವರ್ಸ್ ತ್ರಾಸ ಹೋತು, ಗಿಯರ್‌ಬಾಕ್ಸ್ ಇಳಸಲೇ ಇಲ್ಲ

ಹುಬ್ಬಳ್ಳಿ ಉಣಕಲ್ ಕಡೆ ನಮ್ಮನಿ, ಪೋರ್ಚಿನಿಂದ ರಸ್ತೆಗೆ ಬರಬೇಕಂದ್ರ ಗಾಡಿ ಹಿಂದಕ್ಕ ಏರು ಹತ್ತಬೇಕು. ಎರಡು ತಿಂಗಳಿಂದ ಮುಂಜಾನೆ ಲಿವರ್ ರಿವರ್ಸಿನ ಆರ್‌ಗೆ ಎಳದ್ರ ಮೂರ್ನಾಲ್ಕು ಸೆಕೆಂಡ್ ಏನೂ ಇಲ್ಲ, ಆಮ್ಯಾಲ ದಡಕ್ ಅಂತ ಜಗ್ಗೋದು. ಮುಂದಕ್ಕ ಹೋಗಾಕ ಡಿ ಹಾಕಿದ್ರ ಎಲ್ಲಾ ಸರಿ. ಹಳೇ 4 ಸ್ಪೀಡ್ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತೀನ ಆಯಿಲ್ ಮೂಲಕ ಗಿಯರ್‌ಬಾಕ್ಸಿಗೆ ಮುಟ್ಟಸೋದು) ಆಟೋಮ್ಯಾಟಿಕ್ ಗಾಡಿ. ಮೊದಲು ತೋರಿಸಿದ ಕಡೆ ನೋಡಿದ ಕೂಡ್ಲೆ ಪೂರ್ತಿ ಬಾಕ್ಸ್ ಇಳಸಬೇಕು, 70 ಸಾವಿರ ಆಕ್ಕೈತಿ ಅಂದ್ರು, ನನಗ ಎದಿ ಧಸಕ್ಕಂತು.

ಗೆಳೆಯಾ ಹೇಳಿದ ಅಂತ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗಿನ ಈ ಸಣ್ಣ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಟೇಬಲ್ ಮ್ಯಾಲ ಒಂದು ಹಳೇ ಪ್ಲಾನೆಟರಿ ಗಿಯರ್ ಸೆಟ್ ಇಟ್ಟಾರ, ನಡುವ ಸನ್ ಗಿಯರ್, ಸುತ್ತ ಸಣ್ಣ ಪ್ಲಾನೆಟ್ ಗಿಯರ್, ಹೊರಗ ರಿಂಗು. ಸಣ್ಣ ಗಿಯರ್ ಹಿಡದಿರೋ ಕ್ಯಾರಿಯರ್‌ನ ಹೆಬ್ಬೆರಳಿಂದ ಒತ್ತಿ ಹಿಡದು ನಡುವಿನದನ್ನ ಬಲಕ್ಕ ತಿರುವಿದ್ರು ನೋಡ್ರಿ, ರಿಂಗು ಎಡಕ್ಕ ತಿರಗ್ತು! ಮ್ಯಾನ್ಯುವಲ್‌ನ್ಯಾಗ ನಡುವ ಐಡ್ಲರ್ ಗಿಯರ್ ಬಂದು ಗಾಡಿ ಹಿಂದಕ್ಕ ಹೋಕ್ಕೈತಿ, ಇದರಾಗ ಕ್ಯಾರಿಯರ್ ಹಿಡದ್ರ ಅಷ್ಟ ಸಾಕು, ಅದನ್ನ ಹಿಡಿಯೋ ಹೆಬ್ಬೆರಳು ಅಂದ್ರ ಒಳಗಿನ ಕ್ಲಚ್ ಪ್ಲೇಟು, ಅದನ್ನ ಒತ್ತೋದು ಆಯಿಲ್ ಪ್ರೆಷರ್, ರಿವರ್ಸ್‌ಗೆ ಪ್ರೆಷರ್ ಹೆಚ್ಚು ಬೇಕು, ಆಯಿಲ್ ಕಡಿಮಿ ಆದ್ರ ಪ್ರೆಷರ್ ಏರೂದು ತಡಾ ಆಕ್ಕೈತಿ ಅಂತ ಬಿಡಿಸಿ ಹೇಳಿದ್ರು. ಮೂರು ವರ್ಷ ಓಡಿಸಿದ ಮ್ಯಾಲ ಅವತ್ತು ತಿಳೀತು ನನಗ.

ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳದು ಬಿಳಿ ಹಾಳಿ ಮ್ಯಾಲ ಎರಡು ಹನಿ ಬಿಟ್ರು. ಹೊಸಾ ಎಟಿಎಫ್ (ಆಟೋಮ್ಯಾಟಿಕ್ ಗಿಯರ್‌ಬಾಕ್ಸಿನ ಆಯಿಲ್) ಕೆಂಪಗಿರ್ತೈತಿ, ನಂದು ಚಹಾದ ಬಣ್ಣ. ಸುಟ್ಟ ವಾಸನಿ ಇರಲಿಲ್ಲ, ಕ್ಲಚ್ ಇನ್ನೂ ಉಳದೈತಿ ಅಂದ್ರು. ಬಾಕ್ಸಿನ ತಳದಾಗಿನ ಆಯಿಲ್ ಪ್ಯಾನ್ ಗ್ಯಾಸ್ಕೆಟ್ ಸೋರಾಕ ಹತ್ತಿತ್ತು, ಗ್ಯಾಸ್ಕೆಟ್, ಫಿಲ್ಟರ್, ಆಯಿಲ್ ಬದಲಿ ಮಾಡಿ 6,800 ತಗೊಂಡ್ರು, ಹಳೇ ಸಾಮಾನು ಕೈಯಾಗ ಕೊಟ್ರು.

ಒಂದ ಕೊರತಿ, ಕುಂಡ್ರಾಕ ಜಾಗ ಇಲ್ಲ, ಬೋರ್ಡೂ ಸಣ್ಣದು, ಎರಡ ಸಲ ದಾಟಿ ಹೋದೆ. ಎಎಂಟಿ ಗಾಡಿಯವರು ಮೊದಲ ಕೇಳ್ಕೊಂಡು ಹೋಗ್ರಿ, ಅದರೊಳಗ ಇರೂದು ಮ್ಯಾನ್ಯುವಲ್ ಬಾಕ್ಸ, ಕ್ಲಚ್ಚು ಗಿಯರು ಆ್ಯಕ್ಚುಯೇಟರ್ ಅನ್ನೋ ಯಂತ್ರ ತಾನ ಹಾಕ್ತೈತಿ, ಅದರ ರಿಪೇರಿನ ಬ್ಯಾರೆ. ಮತ್ತ ಗಾಡಿ ಪೂರ್ತಿ ನಿಲ್ಲೋತನಕ ಆರ್‌ಗೆ ಹಾಕಬ್ಯಾಡ್ರಿ ಅಂತ ಮೇಸ್ತ್ರಿ ನನ್ನ ಹೆಂಡತಿಗೂ ಕೂಡ್ರಿಸಿ ಹೇಳಿ ಕಳಸಿದ್ರು.

ಮರುದಿನ ಮುಂಜಾನೆ ಲಿವರ್ ಎಳದೆ, ಗಾಡಿ ಸದ್ದಿಲ್ಲದ ಏರು ಹತ್ತಿತು. ಪ್ಯಾನ್ ಬಿಚ್ಚಿದ್ರ ಕನ್ವರ್ಟರ್ ಒಳಗಿನ ಹಳೇ ಆಯಿಲ್ ಅಲ್ಲೇ ಉಳೀತೈತಂತ, ಸಾವಿರ ಕಿಮೀ ಆದಮ್ಯಾಲ ಇನ್ನೊಮ್ಮೆ ಬದಲಿಸಾಕ ಕರದಾರ, ಹೋಗಾಂವ ಇದ್ದೀನಿ.